ಬಿಳಿ ಗೆರೆ ದಾಟಿದ ಪಾದ್ರಿ: ರೋಮ್ ನಗರದಲ್ಲಿ ಸಾವಿರಾರು ಜನರನ್ನು ಬಚ್ಚಿಟ್ಟ ಹ್ಯೂ ಓಫ್ಲಾಹರ್ಟಿ

1943ರ ಚಳಿಗಾಲ. ರೋಮ್ ನಗರ ಹಿಟ್ಲರನ ಸೈನ್ಯದ ಕೈಯಲ್ಲಿತ್ತು. ಸೇಂಟ್ ಪೀಟರ್ ಬೆಸಿಲಿಕಾದ ಮೆಟ್ಟಿಲ ಮೇಲೆ ದಿನಾಲೂ ಒಬ್ಬ ಪಾದ್ರಿ ಪ್ರಾರ್ಥನೆ ಪುಸ್ತಕ ಹಿಡಿದು ನಿಂತಿರುತ್ತಿದ್ದರು. ಆರಡಿ ಮೀರಿದ ಎತ್ತರ, ದುಂಡು ಕನ್ನಡಕ, ಅಗಲವಾದ ಭುಜ. ದೂರದಿಂದ ನೋಡಿದವರಿಗೆ ಅವರು ಜಪ ಮಾಡುತ್ತಿದ್ದಾರೆ ಅಂತಲೇ ಅನಿಸಬೇಕು. ಜಪವೇನೋ ನಿಜ, ಆದರೆ ಅವರ ಕಣ್ಣು ಪುಸ್ತಕದ ಮೇಲಷ್ಟೇ ಇರುತ್ತಿರಲಿಲ್ಲ. ಎದುರಿನ ದೊಡ್ಡ ಚೌಕದಲ್ಲಿ ಯಾರು ಬರುತ್ತಾರೆ, ಯಾರು ದಿಕ್ಕು ತೋಚದೆ ನಿಂತಿದ್ದಾರೆ, ಯಾರ ಮೈಮೇಲಿನ ಬಟ್ಟೆ ಅವರ ಅಳತೆಯದಲ್ಲ, ಇದನ್ನೆಲ್ಲ ಅವರು ಗಮನಿಸುತ್ತಿದ್ದರು.

ಆ ಚೌಕದ ಬಾಯಲ್ಲಿ ಜರ್ಮನ್ನರು ನೆಲದ ಮೇಲೆ ಒಂದು ಬಿಳಿ ಗೆರೆ ಎಳೆಸಿದ್ದರು. ಗೆರೆಯ ಈಚೆ ಪೋಪ್ ಅವರ ವ್ಯಾಟಿಕನ್, ಯಾವ ಯುದ್ಧದಲ್ಲೂ ಸೇರದ ತಟಸ್ಥ ನೆಲ. ಗೆರೆಯ ಆಚೆ ಜರ್ಮನ್ ಬಂದೂಕು. ಈ ಪಾದ್ರಿ ಗೆರೆ ದಾಟಿ ಸಿಕ್ಕಿದರೆ ಹಿಡಿಯಿರಿ, ಓಡಿದರೆ ಕೊಲ್ಲಿ ಎಂಬ ಮಾತು ಗೆಸ್ಟಾಪೊ ಕಡೆಯಿಂದ ಬಂದಿತ್ತು. ಪಾದ್ರಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಅವರು ಮತ್ತೆ ಮತ್ತೆ ಆ ಗೆರೆ ದಾಟಿದರು.

ಅವರೇ ಮೊನ್ಸಿಂಜೊರ್ ಹ್ಯೂ ಓಫ್ಲಾಹರ್ಟಿ. ಊರು ಐರ್ಲೆಂಡ್, ದುಡಿಮೆ ರೋಮ್‌ನಲ್ಲಿ.

ಗಾಲ್ಫ್ ಮೈದಾನದ ಹುಡುಗ

ಹ್ಯೂ ಹುಟ್ಟಿದ್ದು 1898ರ ಫೆಬ್ರವರಿ 28ರಂದು, ಐರ್ಲೆಂಡಿನ ಕಾರ್ಕ್ ಕೌಂಟಿಯಲ್ಲಿ. ಬೆಳೆದದ್ದು ಪಕ್ಕದ ಕೆರ್ರಿ ಕೌಂಟಿಯ ಕಿಲಾರ್ನಿ ಪಟ್ಟಣದಲ್ಲಿ. ಅಪ್ಪ ಜೇಮ್ಸ್ ಅಲ್ಲಿನ ಗಾಲ್ಫ್ ಕ್ಲಬ್ಬಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಹೀಗಾಗಿ ಶ್ರೀಮಂತರ ಆಟವಾದ ಗಾಲ್ಫ್ ಈ ಸಾಮಾನ್ಯ ಮನೆಯ ಹುಡುಗನಿಗೆ ಚಿಕ್ಕಂದಿನಲ್ಲೇ ಕೈಗೆ ಹತ್ತಿತು. ಮುಂದೆ ಇಟಲಿಯ ಹವ್ಯಾಸಿ ಗಾಲ್ಫ್ ಚಾಂಪಿಯನ್ ಆಗುವ ಮಟ್ಟಕ್ಕೆ ಅವರು ಆಡಿದರು.

ಮಿಷನರಿ ಆಗಬೇಕೆಂದು ಹ್ಯೂ ಲಿಮೆರಿಕ್ ಹತ್ತಿರದ ಮಂಗ್ರೆಟ್ ಕಾಲೇಜಿಗೆ ಸೇರಿದರು. ಆ ವರ್ಷಗಳಲ್ಲಿ ಐರ್ಲೆಂಡ್ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿತ್ತು. ಬ್ರಿಟಿಷ್ ಸರಕಾರ ಕಳಿಸಿದ್ದ ಬ್ಲ್ಯಾಕ್ ಆ್ಯಂಡ್ ಟ್ಯಾನ್ಸ್ ಪಡೆ ಹಳ್ಳಿಗಳಲ್ಲಿ ಮನೆ ಸುಡುತ್ತಿತ್ತು, ಜನರನ್ನು ಕೊಲ್ಲುತ್ತಿತ್ತು. ಹ್ಯೂಗೆ ಗೊತ್ತಿದ್ದ ಹುಡುಗರೂ ಪ್ರಾಣ ಕಳೆದುಕೊಂಡರು. ಇಂಗ್ಲಿಷರ ಬಗ್ಗೆ ಅವರ ಮನಸ್ಸಿನಲ್ಲಿ ಕಹಿ ಉಳಿಯಿತು. ಎರಡನೇ ಮಹಾಯುದ್ಧ ಶುರುವಾದಾಗಲೂ ಅವರು ಬ್ರಿಟನ್ ಪರ ಇರಲಿಲ್ಲ. ಎರಡೂ ಕಡೆಯವರ ಪ್ರಚಾರವನ್ನು ಅವರು ಪೂರ್ತಿ ನಂಬಿರಲಿಲ್ಲ. ಈ ಸಂಗತಿಯನ್ನು ನೆನಪಿಟ್ಟುಕೊಂಡರೆ ಅವರು ಮುಂದೆ ಮಾಡಿದ ಕೆಲಸದ ತೂಕ ಗೊತ್ತಾಗುತ್ತದೆ.

1922ರಲ್ಲಿ ಓದು ಮುಂದುವರಿಸಲು ಅವರನ್ನು ರೋಮ್‌ಗೆ ಕಳಿಸಿದರು. ಮುಸೊಲಿನಿ ಅಧಿಕಾರಕ್ಕೆ ಬಂದದ್ದೂ ಅದೇ ವರ್ಷ. 1925ರಲ್ಲಿ ಗುರುದೀಕ್ಷೆ ಆಯಿತು. ಹುಡುಗ ಚುರುಕು, ಜನರ ಜೊತೆ ಬೆರೆಯುವ ಗುಣ ಇದೆ ಎಂದು ಕಂಡ ವ್ಯಾಟಿಕನ್ ಅವರನ್ನು ತನ್ನ ರಾಜತಾಂತ್ರಿಕ ಕೆಲಸಕ್ಕೆ ತೆಗೆದುಕೊಂಡಿತು. ಈಜಿಪ್ಟ್, ಹೈಟಿ, ಡೊಮಿನಿಕನ್ ಗಣರಾಜ್ಯ, ಚೆಕೊಸ್ಲೊವಾಕಿಯಾ ಹೀಗೆ ದೇಶದಿಂದ ದೇಶಕ್ಕೆ ಕಳಿಸಿತು. ಮೊನ್ಸಿಂಜೊರ್ ಎಂಬ ಗೌರವ ಪದವಿ ಕೊಟ್ಟು 1930ರ ದಶಕದಲ್ಲಿ ಮತ್ತೆ ರೋಮ್‌ಗೆ ಕರೆಸಿಕೊಂಡಿತು. ಅಲ್ಲಿ ಅವರದು ಹೋಲಿ ಆಫೀಸ್ ಎಂಬ ಕಚೇರಿಯಲ್ಲಿ ಕೆಲಸ.

ಸಂಜೆಗೆ ಗಾಲ್ಫ್. ಪಾದ್ರಿಗಳು ಗಾಲ್ಫ್ ಆಡುವುದನ್ನು ಮೇಲಿನವರು ಅಷ್ಟು ಮೆಚ್ಚುತ್ತಿರಲಿಲ್ಲ, ಆದರೂ ಅವರು ಬಿಡಲಿಲ್ಲ. ಮುಸೊಲಿನಿಯ ಅಳಿಯ ಕೌಂಟ್ ಚಿಯಾನೊ, ಸ್ಪೇನಿನ ಮಾಜಿ ರಾಜ ಅಲ್ಫೊನ್ಸೊ ಅವರಂಥವರೂ ಇವರ ಜೊತೆ ಆಡಿದವರೇ. ರೋಮ್‌ನ ದೊಡ್ಡ ಮನೆಗಳ ಬಾಗಿಲು ಇವರಿಗೆ ತೆರೆದದ್ದು ಹೀಗೆ. ಮುಂದೆ ಒಂದು ದಿನ ಅದೇ ಬಾಗಿಲುಗಳನ್ನು ಬೇರೆಯವರಿಗಾಗಿ ತಟ್ಟಬೇಕಾಗುತ್ತದೆ ಎಂಬುದು ಆಗ ಅವರಿಗೆ ಗೊತ್ತಿರಲಿಲ್ಲ.

ಮನೆಗೆ ಮುಟ್ಟಿಸಿದ ಸುದ್ದಿ

ಯುದ್ಧ ಬಂತು. ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಸೆರೆ ಸಿಕ್ಕ ಬ್ರಿಟಿಷ್, ದಕ್ಷಿಣ ಆಫ್ರಿಕನ್, ನ್ಯೂಜಿಲೆಂಡ್ ಸೈನಿಕರನ್ನು ಹಡಗಿನಲ್ಲಿ ತಂದು ಇಟಲಿಯ ಕ್ಯಾಂಪುಗಳಲ್ಲಿ ತುಂಬಿದರು. ಬ್ರಿಟಿಷ್ ಸೇನೆಯಲ್ಲಿದ್ದ ನಮ್ಮ ಭಾರತದ ಸೈನಿಕರೂ ಅವರಲ್ಲಿದ್ದರು. ಈ ಕ್ಯಾಂಪುಗಳಿಗೆ ಭೇಟಿ ಕೊಡಲು ಪೋಪ್ ತಮ್ಮ ಪ್ರತಿನಿಧಿಯೊಬ್ಬರನ್ನು ಕಳಿಸಿದರು. ಅವರಿಗೆ ಇಂಗ್ಲಿಷ್ ಬಲ್ಲ ಸಹಾಯಕ ಬೇಕಿತ್ತು. ಆ ಕೆಲಸ ಓಫ್ಲಾಹರ್ಟಿಗೆ ಬಂತು.

ಕ್ಯಾಂಪಿನಲ್ಲಿ ಅವರು ಕಂಡದ್ದು ತಮ್ಮ ಊರಿಗೆ ಬೆಂಕಿ ಇಟ್ಟ ಸಾಮ್ರಾಜ್ಯದ ಸಿಪಾಯಿಗಳನ್ನೇ. ಆದರೆ ಹತ್ತಿರ ಹೋಗಿ ನೋಡಿದರೆ ಅವರೆಲ್ಲ ಇಪ್ಪತ್ತು, ಇಪ್ಪತ್ತೆರಡು ವರ್ಷದ ಹುಡುಗರು. ಬಟ್ಟೆ ಹರಿದಿದೆ, ಹೊಟ್ಟೆ ತುಂಬಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ತಾವು ಬದುಕಿದ್ದೇವೆ ಎನ್ನುವುದು ಮನೆಯವರಿಗೆ ಗೊತ್ತೇ ಇಲ್ಲವಲ್ಲ ಎಂಬ ಸಂಕಟ. ಎಷ್ಟೋ ಮನೆಗಳಿಗೆ ಮಗ ಕಾಣೆಯಾಗಿದ್ದಾನೆ ಎಂಬ ಕಾಗದವಷ್ಟೇ ಹೋಗಿತ್ತು. ಊರು ಬಿಟ್ಟು ದೂರದಲ್ಲಿ ದುಡಿಯುವವರಿಗೆ, ಫೋನ್ ಬಾರದ ಒಂದು ರಾತ್ರಿ ಮನೆಯಲ್ಲಿ ಹೇಗೆ ಕಳೆಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಅಂಥ ರಾತ್ರಿಗಳು ತಿಂಗಳುಗಟ್ಟಲೆ ನಡೆದಿದ್ದವು.

ಪೋಪ್ ಪ್ರತಿನಿಧಿ ನಿಧಾನದ ಮನುಷ್ಯ, ದಿನಕ್ಕೊಂದು ಕ್ಯಾಂಪ್ ಮುಗಿಸಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದರು. ಓಫ್ಲಾಹರ್ಟಿಗೆ ಆ ಪುರುಸೊತ್ತು ಇರಲಿಲ್ಲ. ಕೈದಿಗಳ ಹೆಸರು ಬರೆದುಕೊಂಡು ರಾತ್ರಿ ರೈಲಿಗೆ ರೋಮ್‌ಗೆ ಓಡಿ ಬರುವುದು, ಆ ಹೆಸರುಗಳನ್ನು ವ್ಯಾಟಿಕನ್ ರೇಡಿಯೊದಲ್ಲಿ ಹೇಳಿಸುವುದು, ಮತ್ತೆ ಹಿಂದಿರುಗಿ ಮುಂದಿನ ಕ್ಯಾಂಪಿಗೆ ಹೋಗುವುದು, ಇದು ಅವರ ದಿನಚರಿ. ರೇಡಿಯೊದಲ್ಲಿ ಒಂದು ಹೆಸರು ಕೇಳಿಸಿದರೆ ಸಮುದ್ರದಾಚೆ ಒಂದು ಮನೆಯಲ್ಲಿ ಜೀವ ಬರುತ್ತಿತ್ತು. ರೆಡ್‌ಕ್ರಾಸ್ ಪಾರ್ಸೆಲ್‌ಗಳು ಕೈದಿಗಳಿಗೆ ಬೇಗ ಮುಟ್ಟುವಂತೆಯೂ ಅವರು ಓಡಾಡಿದರು, ಓದಲು ಪುಸ್ತಕ ತಂದುಕೊಟ್ಟರು.

ಕೈದಿಗಳ ಪರ ಇಷ್ಟು ಗಟ್ಟಿಯಾಗಿ ಮಾತಾಡುವ ಪಾದ್ರಿ ಇಟಲಿಯ ಅಧಿಕಾರಿಗಳಿಗೆ ಹಿಡಿಸಲಿಲ್ಲ. ಒತ್ತಡ ಬಂತು, ಕ್ಯಾಂಪ್ ಭೇಟಿ ನಿಂತಿತು. ಅವರು ಮತ್ತೆ ಕಚೇರಿಯ ಮೇಜಿಗೆ ಬಂದರು. ಆದರೆ ಅಷ್ಟರಲ್ಲಿ ಸಾವಿರಾರು ಕೈದಿಗಳಿಗೆ ರೋಮ್‌ನಲ್ಲಿ ಒಬ್ಬ ಉದ್ದನೆಯ ಐರಿಷ್ ಪಾದ್ರಿ ಇದ್ದಾರೆ ಎಂಬುದು ಗೊತ್ತಾಗಿತ್ತು.

ಬಾಗಿಲಿಗೆ ಬಂದವರು

1943ರ ಸೆಪ್ಟೆಂಬರ್ 8ರಂದು ಇಟಲಿ ಯುದ್ಧದಿಂದ ಹಿಂದೆ ಸರಿಯಿತು. ಕದನವಿರಾಮದ ಸುದ್ದಿ ರೇಡಿಯೊದಲ್ಲಿ ಬಂದದ್ದೇ ತಡ, ಎಷ್ಟೋ ಕ್ಯಾಂಪುಗಳ ಕಾವಲುಗಾರರು ಬಂದೂಕು ಬಿಟ್ಟು ಮನೆಗೆ ನಡೆದರು. ಕೈದಿಗಳು ಹೊರಗೆ ಬಂದರು. ಆದರೆ ಆ ಬಿಡುಗಡೆ ಎರಡು ದಿನದ್ದು. ಜರ್ಮನ್ ಸೈನ್ಯ ನುಗ್ಗಿ ರೋಮ್ ಸೇರಿ ದೇಶದ ಬಹುಭಾಗ ಹಿಡಿಯಿತು. ಹೊರಬಿದ್ದ ಕೈದಿಗಳು ಬೆಟ್ಟ, ಹೊಲ, ಕೊಟ್ಟಿಗೆಗಳಲ್ಲಿ ಅವಿತರು. ಕೆಲವರು ರೋಮ್ ದಾರಿ ಹಿಡಿದರು. ವ್ಯಾಟಿಕನ್ ತಟಸ್ಥ, ಅಲ್ಲಿ ಆಶ್ರಯ ಸಿಗಬಹುದು ಎಂಬ ಆಸೆ.

ಆದರೆ ವ್ಯಾಟಿಕನ್ ಬಾಗಿಲಲ್ಲಿ ಸ್ವಿಸ್ ಗಾರ್ಡುಗಳು ಬಂದವರನ್ನು ತಡೆದು ಹೊರಗೆ ಕಳಿಸುತ್ತಿದ್ದರು. ತಟಸ್ಥ ದೇಶ ಒಂದು ಕಡೆಯ ಸೈನಿಕರನ್ನು ಇಟ್ಟುಕೊಂಡರೆ ಜರ್ಮನ್ನರು ಒಳಗೇ ನುಗ್ಗಿಬಿಟ್ಟಾರು ಎಂಬ ಹೆದರಿಕೆ ಅಲ್ಲಿತ್ತು. ಕ್ಯಾಂಪಿನಲ್ಲಿ ಓಫ್ಲಾಹರ್ಟಿಯವರನ್ನು ಕಂಡಿದ್ದ ಸೈನಿಕರು ಅವರ ಹೆಸರು ಹೇಳಿ ಕೇಳತೊಡಗಿದರು.

ಅವರು ಮೇಲಿನವರ ಅನುಮತಿಗೆ ಕಾಯಲಿಲ್ಲ. ಕಾದಿದ್ದರೆ ಅನುಮತಿ ಸಿಗುತ್ತಲೂ ಇರಲಿಲ್ಲ. ಮೊದಲು ಬಂದವರನ್ನು ಪರಿಚಯದವರ ಮನೆಗೆ ಸೇರಿಸಿದರು. ಆಮೇಲೆ ಇನ್ನಷ್ಟು ಜನ ಬಂದರು. ಹತ್ತು ಇಪ್ಪತ್ತಾಯಿತು, ಇಪ್ಪತ್ತು ನೂರಾಯಿತು.

ಸೋಜಿಗವೆಂದರೆ ಅವರು ವಾಸವಿದ್ದದ್ದು ವ್ಯಾಟಿಕನ್ ಗೋಡೆಗೆ ತಾಗಿದ ಜರ್ಮನ್ ಕಾಲೇಜಿನಲ್ಲಿ. ಅಲ್ಲಿನ ಹಿರಿಯರು ಜರ್ಮನ್, ಅಡುಗೆ ಮನೆ ನೋಡಿಕೊಳ್ಳುವ ಸಿಸ್ಟರ್‌ಗಳು ಜರ್ಮನ್. ಜರ್ಮನ್ನರಿಂದ ತಪ್ಪಿಸಿಕೊಂಡವರ ಇಡೀ ವ್ಯವಸ್ಥೆ ನಡೆದದ್ದು ಆ ಕಟ್ಟಡದ ಒಂದು ಸಣ್ಣ ಕೋಣೆಯಿಂದ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ. ಮುಂದೆ ಅವರು ಬಾಡಿಗೆಗೆ ಹಿಡಿದ ಒಂದು ಫ್ಲ್ಯಾಟ್ ಕೂಡ ಜರ್ಮನ್ ಪೊಲೀಸರ ಕಚೇರಿಗೆ ಹತ್ತಿರವೇ ಇತ್ತು. ಅಲ್ಲಿ ಯಾರು ಹುಡುಕುತ್ತಾರೆ ಎಂಬುದು ಅವರ ಲೆಕ್ಕ.

ರೂಮು, ರೊಟ್ಟಿ, ಕಾಗದಪತ್ರ

ಗುಟ್ಟಾಗಿ ಜೀವ ಉಳಿಸುವ ಕೆಲಸ ಅಂದರೆ ಸಿನಿಮಾದ ಹಾಗೆ ಗುಂಡಿನ ಕಾಳಗ ಅಂದುಕೊಳ್ಳಬೇಡಿ. ಅದರಲ್ಲಿ ಮುಕ್ಕಾಲು ಪಾಲು ರೂಮು ಹುಡುಕುವ, ಬಾಡಿಗೆ ಹೊಂದಿಸುವ, ಊಟ ಮುಟ್ಟಿಸುವ ಕೆಲಸ. ಬಂದವನಿಗೆ ಮೊದಲು ಸಿವಿಲ್ ಬಟ್ಟೆ ಬೇಕು. ಕಾಲಿಗೆ ಬೂಟು ಬೇಕು. ಜೇಬಿನಲ್ಲಿ ಸುಳ್ಳು ಹೆಸರಿನ ಗುರುತಿನ ಚೀಟಿ ಬೇಕು. ಇಟಾಲಿಯನ್ ಬಾರದವನನ್ನು ಟ್ರಾಮಿನಲ್ಲಿ ಕರೆದುಕೊಂಡು ಹೋಗಲು ಬಾಯಿ ಬಲ್ಲ ಒಬ್ಬರು ಬೇಕು. ಎಲ್ಲಕ್ಕಿಂತ ಕಷ್ಟ ಊಟದ್ದು. ಆ ಚಳಿಗಾಲದಲ್ಲಿ ರೋಮ್‌ನಲ್ಲಿ ರೇಷನ್ ಬ್ರೆಡ್ಡು ತಲೆಗೆ ದಿನಕ್ಕೆ 150 ಗ್ರಾಂ. ಮಾರ್ಚ್ ಹೊತ್ತಿಗೆ ಅದು 100 ಗ್ರಾಂಗೆ ಇಳಿಯಿತು. ಬಚ್ಚಿಟ್ಟುಕೊಂಡವನಿಗೆ ರೇಷನ್ ಕಾರ್ಡೇ ಇಲ್ಲ. ಕಾಳಸಂತೆಯಲ್ಲಿ ಕೊಳ್ಳಬೇಕು, ಇಲ್ಲವೇ ಮನೆಯವರು ತಮ್ಮ ಪಾಲಿನಲ್ಲಿ ಕೊಡಬೇಕು.

ಯುದ್ಧಕೈದಿಗಳಿಗೆ ಮನೆಯಲ್ಲಿ ಜಾಗ ಕೊಟ್ಟವರಿಗೆ ಮರಣದಂಡನೆ ಎಂದು ಜರ್ಮನ್ನರು ಸಾರಿದ್ದರು. ಹಾಗಿದ್ದೂ ಜಾಗ ಕೊಟ್ಟವರು ಯಾರು?

ಮಾಲ್ಟಾದಿಂದ ಬಂದು ರೋಮ್‌ನಲ್ಲಿ ನೆಲೆಸಿದ್ದ ಹೆನ್ರಿಯೆಟಾ ಶೆವಲಿಯೆ ಎಂಬ ವಿಧವೆ ಒಬ್ಬರು. ಮಕ್ಕಳನ್ನು ಕಟ್ಟಿಕೊಂಡು ಸಣ್ಣ ಫ್ಲ್ಯಾಟಿನಲ್ಲಿದ್ದ ಆ ತಾಯಿ ಸೈನಿಕರನ್ನು ಒಳಗೆ ಬಿಟ್ಟುಕೊಂಡರು. ಹೆಣ್ಣುಮಕ್ಕಳೂ ಅಮ್ಮನ ಜೊತೆ ನಿಂತರು. ಗುಂಪಿನಲ್ಲಿ ಅವರನ್ನು ಮಿಸೆಸ್ ಎಂ ಎಂದು ಗುಪ್ತವಾಗಿ ಕರೆಯುತ್ತಿದ್ದರು. ಒಂದು ಬಾರಿ ತಪಾಸಣೆ ಬಂದಾಗ ಹುಡುಗರು ಕೂದಲೆಳೆಯಲ್ಲಿ ಪಾರಾದರು. ಆಕೆ ಮಾತ್ರ ಬಾಗಿಲು ಮುಚ್ಚಲಿಲ್ಲ, ಅಪಾಯ ತಣ್ಣಗಾದ ಮೇಲೆ ಮತ್ತೆ ತೆರೆದರು.

ಇನ್ನೊಬ್ಬರು ಡೆಲಿಯಾ ಮರ್ಫಿ. ಐರ್ಲೆಂಡಿನಲ್ಲಿ ಮನೆಮಾತಾಗಿದ್ದ ಜಾನಪದ ಗಾಯಕಿ, ವ್ಯಾಟಿಕನ್‌ನಲ್ಲಿದ್ದ ಐರಿಷ್ ರಾಯಭಾರಿಯ ಹೆಂಡತಿ. ಗಂಡನ ಸರಕಾರ ತಟಸ್ಥ, ಹೆಂಡತಿ ಮಾತ್ರ ಓಫ್ಲಾಹರ್ಟಿಯ ಪಕ್ಷ. ರಾಜಮನೆತನದ ಪ್ರಿನ್ಸ್ ಫಿಲಿಪ್ಪೊ ದೋರಿಯಾ ಪಂಫೀಲಿ ಹಣ ಕೊಟ್ಟರು. ಅವರು ಮೊದಲಿನಿಂದಲೂ ಮುಸೊಲಿನಿಯ ವಿರೋಧಿ. ವ್ಯಾಟಿಕನ್ ಒಳಗೇ ಉಳಿದುಕೊಂಡಿದ್ದ ಬ್ರಿಟಿಷ್ ರಾಯಭಾರಿ ಡಾರ್ಸಿ ಓಸ್ಬರ್ನ್ ಬಹಿರಂಗವಾಗಿ ಕೈ ಹಾಕುವಂತಿರಲಿಲ್ಲ, ಆದರೆ ಹಣದ ದಾರಿ ಮಾಡಿದರು. ಅವರ ಬಟ್ಲರ್ ಜಾನ್ ಮೇ ಎಂಬವರು ಕಾಳಸಂತೆಯ ಮೂಲೆ ಮೂಲೆ ಬಲ್ಲವರು. ಏನು ಬೇಕು ಹೇಳಿ, ಎಲ್ಲಿಂದಲಾದರೂ ಹೊಂದಿಸುತ್ತಿದ್ದರು. ನ್ಯೂಜಿಲೆಂಡಿನ ಓವೆನ್ ಸ್ನೆಡೆನ್ ಸೇರಿ ಹಲವು ಯುವ ಪಾದ್ರಿಗಳು, ಮಾಲ್ಟಾದ ಪಾದ್ರಿಗಳು ನಿಲುವಂಗಿಯೊಳಗೆ ಹಣ ಮತ್ತು ಊಟ ಅಡಗಿಸಿಕೊಂಡು ಮನೆಯಿಂದ ಮನೆಗೆ ಓಡಾಡಿದರು. ಊರ ಹೊರಗಿನ ರೈತರು, ಕಾನ್ವೆಂಟಿನ ಸಿಸ್ಟರ್‌ಗಳು, ಬಡ ಇಟಾಲಿಯನ್ ಕುಟುಂಬಗಳು ಜಾಗ ಕೊಟ್ಟವು. ಇವರಲ್ಲಿ ಹೆಚ್ಚಿನವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಇಷ್ಟು ದೊಡ್ಡ ಸಂಸಾರಕ್ಕೆ ಲೆಕ್ಕಪತ್ರ ಇಡುವವರು ಬೇಕಿತ್ತು. ಆ ಹೊತ್ತಿಗೆ ಸಿಕ್ಕಿದವರು ಬ್ರಿಟಿಷ್ ಮೇಜರ್ ಸ್ಯಾಮ್ ಡೆರಿ. ಕೈದಿಗಳನ್ನು ಜರ್ಮನಿಗೆ ಸಾಗಿಸುತ್ತಿದ್ದ ರೈಲಿನಿಂದ ಹಾರಿ ತಪ್ಪಿಸಿಕೊಂಡ ಡೆರಿ, ರೋಮ್ ಹೊರವಲಯದಲ್ಲಿ ಅವಿತಿದ್ದ ಹಲವಾರು ಸೈನಿಕರ ಜೊತೆಯಾದರು. ಊರಿನ ಪಾದ್ರಿಯೊಬ್ಬರ ಕೈಯಲ್ಲಿ ವ್ಯಾಟಿಕನ್‌ಗೆ ಚೀಟಿ ಕಳಿಸಿದರು. ಉತ್ತರವಾಗಿ ಹಣ ಬಂತು, ಆಮೇಲೆ ಕರೆಯೂ ಬಂತು. ರೈತನ ಗಾಡಿಯಲ್ಲಿ ಎಲೆಕೋಸಿನ ರಾಶಿಯ ಕೆಳಗೆ ಮಲಗಿ ಡೆರಿ ಜರ್ಮನ್ ತನಿಖಾ ಠಾಣೆ ದಾಟಿ ನಗರ ಹೊಕ್ಕರು. ಡೆರಿಯೂ ಉದ್ದನೆಯ ಆಳು, ಓಫ್ಲಾಹರ್ಟಿಯ ನಿಲುವಂಗಿ ಅವರಿಗೆ ಸರಿಹೋಯಿತು. ಪಾದ್ರಿ ವೇಷದಲ್ಲಿ ವ್ಯಾಟಿಕನ್ ಒಳಗೆ ನಡೆದು ಹೋದರು.

ಯಾರನ್ನು ಎಲ್ಲಿ ಇಟ್ಟಿದೆ, ಯಾರಿಗೆ ಎಷ್ಟು ಹಣ ಹೋಗಿದೆ ಎಂಬುದನ್ನೆಲ್ಲ ಡೆರಿ ಶಿಸ್ತಾಗಿ ಬರೆದಿಟ್ಟರು. ಆ ಕಾಗದಗಳನ್ನು ಬಿಸ್ಕತ್ತಿನ ಡಬ್ಬಗಳಲ್ಲಿ ಹಾಕಿ ವ್ಯಾಟಿಕನ್ ತೋಟದ ಮಣ್ಣಿನಲ್ಲಿ ಹೂತರು. ಎಲ್ಲರಿಗೂ ಗುಪ್ತನಾಮ ಬಂತು. ಓಸ್ಬರ್ನ್ ಹೆಸರು ಮೌಂಟ್, ಡೆರಿ ಹೆಸರು ಪ್ಯಾಟ್ರಿಕ್. ಓಫ್ಲಾಹರ್ಟಿಯದು ಬೇರೇನಾದೀತು, ಗಾಲ್ಫ್.

ಚಿನ್ನದ ಸರ

ಬಚ್ಚಿಟ್ಟುಕೊಳ್ಳಬೇಕಾದವರು ಸೈನಿಕರು ಮಾತ್ರ ಆಗಿರಲಿಲ್ಲ. ರೋಮ್‌ನ ಯಹೂದಿ ಸಮುದಾಯ ಎರಡು ಸಾವಿರ ವರ್ಷಕ್ಕೂ ಹಳೆಯದು. ಸೆಪ್ಟೆಂಬರ್ ಕೊನೆಯಲ್ಲಿ ರೋಮ್‌ನ ಗೆಸ್ಟಾಪೊ ಮುಖ್ಯಸ್ಥ ಹರ್ಬರ್ಟ್ ಕ್ಯಾಪ್ಲರ್ ಅವರ ಮುಖಂಡರನ್ನು ಕರೆಸಿ ಒಂದೂವರೆ ದಿನದಲ್ಲಿ 50 ಕಿಲೋ ಚಿನ್ನ ತರಬೇಕು, ಇಲ್ಲದಿದ್ದರೆ 200 ಜನರನ್ನು ಗಡೀಪಾರು ಮಾಡುತ್ತೇನೆ ಎಂದು ಬೆದರಿಸಿದ. ಜನ ಬಳೆ, ಉಂಗುರ, ಮದುವೆಯ ಒಡವೆ ಎಲ್ಲ ತಂದು ಸುರಿದರು. ಯಹೂದಿಗಳಲ್ಲದ ನೆರೆಹೊರೆಯವರೂ ಕೊಟ್ಟರು. 50 ಕಿಲೋ ತೂಗಿತು. ಆದರೂ ಅಕ್ಟೋಬರ್ 16ರ ನಸುಕಿನಲ್ಲಿ ಜರ್ಮನ್ನರು ಮನೆ ಮನೆಗೆ ನುಗ್ಗಿದರು. ಸಾವಿರಕ್ಕೂ ಹೆಚ್ಚು ಜನರನ್ನು ಆಶ್ವಿಟ್ಜ್‌ಗೆ ಸಾಗಿಸಿದರು. ಅವರಲ್ಲಿ ತಿರುಗಿ ಬಂದವರು 16 ಜನ ಮಾತ್ರ.

ಆ ದಿನಗಳಲ್ಲಿ ಒಬ್ಬ ಯಹೂದಿ ಅಪ್ಪ ಸೇಂಟ್ ಪೀಟರ್ ಮೆಟ್ಟಿಲ ಹತ್ತಿರ ಬಂದು ಓಫ್ಲಾಹರ್ಟಿಯನ್ನು ಕಂಡ. ಸೊಂಟಕ್ಕೆ ಎರಡು ಸುತ್ತು ಬರುವಷ್ಟು ಉದ್ದದ ಚಿನ್ನದ ಸರ ಬಿಚ್ಚಿ ಅವರ ಕೈಗಿಟ್ಟ. ತಾವಿಬ್ಬರು ಯಾವ ಗಳಿಗೆಯಲ್ಲೂ ಸಿಕ್ಕಿಬೀಳಬಹುದು, ಏಳು ವರ್ಷದ ಮಗನನ್ನಾದರೂ ಉಳಿಸಿ ಎಂದು ಬೇಡಿಕೊಂಡ. ಸರದ ಒಂದೊಂದು ಕೊಂಡಿ ಮಾರಿದರೂ ಒಂದೊಂದು ತಿಂಗಳು ಮಗನ ಊಟಕ್ಕೆ ಆಗುತ್ತದೆ ಎಂಬುದು ಆ ಅಪ್ಪನ ಲೆಕ್ಕಾಚಾರ. ಓಫ್ಲಾಹರ್ಟಿ ಮಗುವನ್ನೂ ಸರವನ್ನೂ ತೆಗೆದುಕೊಂಡರು. ಅಷ್ಟಕ್ಕೇ ಬಿಡದೆ ಅಪ್ಪ ಅಮ್ಮನಿಗೂ ಸುಳ್ಳು ಕಾಗದಪತ್ರ ಮಾಡಿಸಿಕೊಟ್ಟರು. ಜರ್ಮನ್ನರು ಹೋದ ಮೇಲೆ ಮಗನನ್ನು ಹೆತ್ತವರಿಗೆ ಒಪ್ಪಿಸಿದರು. ಸರವನ್ನೂ ಹಿಂದೆ ಕೊಟ್ಟರು. ಒಂದು ಕೊಂಡಿಯೂ ಕಡಿಮೆಯಾಗಿರಲಿಲ್ಲ.

ಕಲ್ಲಿದ್ದಲ ಮಸಿ

ಈ ಎಲ್ಲದರ ಹಿಂದೆ ಯಾರಿದ್ದಾರೆ ಎಂಬುದು ಕ್ಯಾಪ್ಲರ್‌ಗೆ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಆದರೆ ವ್ಯಾಟಿಕನ್ ಒಳಗೆ ಕೈ ಹಾಕುವಂತಿಲ್ಲ. ಹೊರಗೆ ಬಂದಾಗ ಹಿಡಿಯಬೇಕು.

ಒಂದು ದಿನ ಓಫ್ಲಾಹರ್ಟಿ ಹಣ ತರಲು ಪ್ರಿನ್ಸ್ ದೋರಿಯಾ ಅವರ ಅರಮನೆಗೆ ಹೋಗಿದ್ದಾಗ ಕ್ಯಾಪ್ಲರ್ ಜನ ಕಟ್ಟಡವನ್ನು ಸುತ್ತುವರಿದರು. ಮುಂದೆ ಎಸ್‌ಎಸ್, ಹಿಂದೆ ಎಸ್‌ಎಸ್. ಅವರು ನೆಲಮಾಳಿಗೆಗೆ ಇಳಿದರು. ಅದೃಷ್ಟಕ್ಕೆ ಅದೇ ಹೊತ್ತಿಗೆ ಅರಮನೆಗೆ ಚಳಿಗಾಲದ ಕಲ್ಲಿದ್ದಲು ಬಂದಿತ್ತು, ಆಳುಗಳು ಚೀಲ ಸುರಿಯುತ್ತಿದ್ದರು. ನಿಲುವಂಗಿ ಬಿಚ್ಚಿ ಚೀಲಕ್ಕೆ ತುರುಕಿ, ಮುಖಕ್ಕೂ ಕೈಗೂ ಮಸಿ ಬಳಿದುಕೊಂಡು, ಚೀಲ ಹೆಗಲಿಗೇರಿಸಿ ಆಳಿನ ಹಾಗೆ ಹೊರಗೆ ನಡೆದರು. ಮೈಗೆ ಮಸಿ ತಾಗೀತೆಂದು ಸಿಪಾಯಿಗಳೇ ಪಕ್ಕಕ್ಕೆ ಸರಿದರು. ಹತ್ತಿರದ ಚರ್ಚಿಗೆ ನುಗ್ಗಿ ಮುಖ ತೊಳೆದು ಮತ್ತೆ ಪಾದ್ರಿಯಾಗಿ ವ್ಯಾಟಿಕನ್ ಸೇರಿದರು.

ಇನ್ನೊಂದು ಸಲ, ಬೆಸಿಲಿಕಾಕ್ಕೇ ಇಬ್ಬರು ಆಳುಗಳನ್ನು ಕಳಿಸಿ, ಬಲಿಪೂಜೆಯ ನಂತರ ಅವರನ್ನು ಮೆಟ್ಟಿಲಿಂದ ಬಿಳಿ ಗೆರೆಯಾಚೆ ಎಳೆದು ತರುವ ಹುನ್ನಾರ ನಡೆಯಿತು. ಸುದ್ದಿ ಹೇಗೋ ಜಾನ್ ಮೇ ಕಿವಿಗೆ ಬಿತ್ತು. ಆ ಇಬ್ಬರು ಒಳಗೆ ಬಂದದ್ದೇ ಸ್ವಿಸ್ ಗಾರ್ಡುಗಳು ಅಕ್ಕಪಕ್ಕ ನಿಂತು ಅವರನ್ನು ಹೊರಗೆ ನಡೆಸಿದರು. ಓಫ್ಲಾಹರ್ಟಿ ಮರುದಿನವೂ ಅದೇ ಮೆಟ್ಟಿಲ ಮೇಲೆ ಅದೇ ಪುಸ್ತಕ ಹಿಡಿದು ನಿಂತರು. ಹೊರಗೆ ಹೋಗಬೇಕಾದಾಗ ವೇಷ ಬದಲಿಸಿ ಹೋದರು.

ಕೇಳಲು ಈಗ ಇವು ಸ್ವಾರಸ್ಯದ ಕತೆಗಳು. ಆದರೆ ಆಗ ಎಲ್ಲರೂ ಹೀಗೆ ಪಾರಾಗಲಿಲ್ಲ. ಗುಂಪಿನ ಡಚ್ ಪಾದ್ರಿ ಆನ್ಸೆಲ್ಮೊ ಮಸ್ಟರ್ಸ್ ಸಿಕ್ಕಿಬಿದ್ದು ಗೆಸ್ಟಾಪೊ ಹಿಂಸೆ ತಿಂದರು, ಬಾಯಿ ಮಾತ್ರ ಬಿಡಲಿಲ್ಲ. 1944ರ ಮಾರ್ಚ್ 23ರಂದು ಇಟಲಿಯ ಪ್ರತಿರೋಧ ಹೋರಾಟಗಾರರು ವಿಯಾ ರಸೆಲ್ಲಾ ಎಂಬ ಬೀದಿಯಲ್ಲಿ ಬಾಂಬ್ ಇಟ್ಟರು. 33 ಜರ್ಮನ್ ಪೊಲೀಸರು ಸತ್ತರು. ಒಬ್ಬನಿಗೆ ಹತ್ತು ಎಂಬ ಲೆಕ್ಕದಲ್ಲಿ ಸೇಡು ತೀರಿಸಲು ಆಜ್ಞೆ ಬಂತು. ಮರುದಿನ ಕ್ಯಾಪ್ಲರ್ ನೇತೃತ್ವದಲ್ಲಿ 335 ಜನರನ್ನು ಅರ್ದೆಯಾತಿನೆ ಗುಹೆಗಳಿಗೆ ಒಯ್ದು ಗುಂಡಿಕ್ಕಿದರು. ಸತ್ತವರಲ್ಲಿ ಕಾರ್ಮಿಕರು, ಅಂಗಡಿಯವರು, ಸೈನಿಕರು, ಯಹೂದಿಗಳು ಎಲ್ಲರೂ ಇದ್ದರು. ಓಡಿ ಬಂದವರಿಗೆ ಸುಳ್ಳು ಕಾಗದಪತ್ರ ಮಾಡಿಕೊಡುತ್ತಿದ್ದ ಪಿಯೆತ್ರೊ ಪಪ್ಪಗಾಲ್ಲೊ ಎಂಬ ಪಾದ್ರಿಯೂ ಅಲ್ಲೇ ಪ್ರಾಣ ಬಿಟ್ಟರು. ಓಫ್ಲಾಹರ್ಟಿಗೆ ಕಾದಿದ್ದದ್ದೂ ಅಂಥದೇ ಸಾವು. ಆ ಹತ್ಯಾಕಾಂಡದ ನಂತರವೂ ಅವರ ಕೆಲಸ ನಿಲ್ಲಲಿಲ್ಲ.

ಲೆಕ್ಕ ಮುಗಿದ ದಿನ

1944ರ ಜೂನ್ 4ರಂದು ಮಿತ್ರಪಡೆ ರೋಮ್ ಪ್ರವೇಶಿಸಿತು. ಜರ್ಮನ್ನರು ಉತ್ತರಕ್ಕೆ ಹೋದರು. ಬಿಸ್ಕತ್ತಿನ ಡಬ್ಬಗಳು ಮಣ್ಣಿನಿಂದ ಹೊರಬಂದವು. ಡೆರಿಯ ಲೆಕ್ಕದ ಪ್ರಕಾರ ಆ ದಿನ ಅವರ ಆಸರೆಯಲ್ಲಿದ್ದವರು 3,925 ಜನ. ಬ್ರಿಟಿಷರು 1,695, ದಕ್ಷಿಣ ಆಫ್ರಿಕದವರು 896, ರಷ್ಯನ್ನರು 429, ಗ್ರೀಕರು 425, ಅಮೆರಿಕನ್ನರು 185, ಉಳಿದವರು ಬೇರೆ ಬೇರೆ ದೇಶದವರು. ಯಹೂದಿಗಳನ್ನೂ ಇತರರನ್ನೂ ಸೇರಿಸಿದರೆ ಈ ಜಾಲದಿಂದ ಉಳಿದವರು 6,500ರಷ್ಟು ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಪಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಇದ್ದವರು ಬ್ರಿಟಿಷರು, ಹ್ಯೂ ಚಿಕ್ಕಂದಿನಿಂದ ದ್ವೇಷಿಸಲು ಕಾರಣವಿದ್ದವರು.

ಎಲ್ಲರೂ ಗೆಲುವಿನ ಸಂಭ್ರಮದಲ್ಲಿದ್ದಾಗ ಓಫ್ಲಾಹರ್ಟಿ ಮಿತ್ರಪಡೆಯ ಅಧಿಕಾರಿಗಳ ಬಳಿ ಇನ್ನೊಂದು ಬೇಡಿಕೆ ಇಟ್ಟರು. ಈಗ ಸೆರೆ ಸಿಕ್ಕಿರುವ ಜರ್ಮನ್ ಮತ್ತು ಇಟಾಲಿಯನ್ ಸೈನಿಕರನ್ನೂ ಸರಿಯಾಗಿ ನೋಡಿಕೊಳ್ಳಬೇಕು ಎಂಬುದು ಅದು. ದಕ್ಷಿಣ ಆಫ್ರಿಕದವರೆಗೆ ಹೋಗಿ ಅಲ್ಲಿನ ಇಟಾಲಿಯನ್ ಕೈದಿಗಳನ್ನು ಕಂಡು ಬಂದರು. ಜೆರುಸಲೆಮ್‌ಗೆ ಹೋಗಿ ಯಹೂದಿ ನಿರಾಶ್ರಿತರನ್ನೂ ಕಂಡರು. ನಿನ್ನೆ ಬೇಟೆಯಾಡಿದವರು ಇವತ್ತು ಬಂದೀಖಾನೆಯಲ್ಲಿದ್ದಾರೆ, ಅವರಿಗೂ ಮನೆ ಇದೆ, ಮನೆಯಲ್ಲಿ ಕಾಯುವವರಿದ್ದಾರೆ. ಅವರ ಪಾಲಿಗೆ ಕೈದಿ ಯಾರ ಕೈದಿ ಎಂಬುದು ಎರಡನೆಯ ಮಾತಾಗಿತ್ತು.

ಬ್ರಿಟನ್ ಸಿಬಿಇ ಗೌರವ ಕೊಟ್ಟಿತು, ಅಮೆರಿಕ ಮೆಡಲ್ ಆಫ್ ಫ್ರೀಡಂ ಕೊಟ್ಟಿತು. ಇಟಲಿ ಕೊಡಮಾಡಿದ ಪಿಂಚಣಿಯನ್ನು ಅವರು ಬಳಸಲಿಲ್ಲ. ಹಳೆಯ ಮೇಜಿಗೆ, ಹಳೆಯ ಕೆಲಸಕ್ಕೆ ಮರಳಿದರು.

ಜೈಲಿನ ಭೇಟಿ

1948ರಲ್ಲಿ ಇಟಲಿಯ ಮಿಲಿಟರಿ ಕೋರ್ಟು ಹರ್ಬರ್ಟ್ ಕ್ಯಾಪ್ಲರ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ರೋಮ್‌ನಿಂದ ದಕ್ಷಿಣಕ್ಕೆ ಸಮುದ್ರ ತೀರದ ಗಯೇತಾ ಕೋಟೆಯ ಜೈಲಿನಲ್ಲಿ ಆತನನ್ನು ಇಟ್ಟರು. ಆತನನ್ನು ನೋಡಲು ಬರುವವರು ಇರಲಿಲ್ಲ ಎನ್ನುವಷ್ಟು ಕಡಿಮೆ. ಆದರೆ ಒಬ್ಬರು ತಿಂಗಳು ತಿಂಗಳೂ ಬರುತ್ತಿದ್ದರು. ಅದೇ ಉದ್ದನೆಯ ಪಾದ್ರಿ.

ಗೆರೆ ದಾಟಿದರೆ ಕೊಲ್ಲಿ ಎಂದು ಹೇಳಿದವನನ್ನು, 335 ಜನರನ್ನು ಗುಹೆಗೆ ಒಯ್ದವನನ್ನು ಕಾಣಲು ಅವರು ವರ್ಷಗಟ್ಟಲೆ ಹೋದರು. ಪುಸ್ತಕ, ಧರ್ಮ, ಇತರ ವಿಷಯ ಅಂತ ಮಾತು ನಡೆಯುತ್ತಿತ್ತು. 1959ರಲ್ಲಿ ಕ್ಯಾಪ್ಲರ್ ಕಥೋಲಿಕ ಧರ್ಮ ಸ್ವೀಕರಿಸಿದ. ದೀಕ್ಷಾಸ್ನಾನ ಕೊಟ್ಟವರು ಓಫ್ಲಾಹರ್ಟಿಯೇ.

ಇದನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಗುಹೆಯಲ್ಲಿ ಗಂಡನನ್ನೋ ಮಗನನ್ನೋ ಕಳೆದುಕೊಂಡವರಿಗೆ ಈ ಭೇಟಿ ನುಂಗಲಾರದ ತುತ್ತೇ ಸರಿ. ಶಿಕ್ಷೆಯನ್ನು ಕೋರ್ಟು ಕೊಟ್ಟಿತ್ತು, ಅದನ್ನು ತಪ್ಪಿಸಲು ಪಾದ್ರಿ ಅಲ್ಲಿಗೆ ಹೋದದ್ದಲ್ಲ. ಯುದ್ಧದ ಮೊದಲ ವರ್ಷಗಳಲ್ಲಿ ಕ್ಯಾಂಪಿನಿಂದ ಕ್ಯಾಂಪಿಗೆ ಓಡಿ ಕೈದಿಗಳ ಹೆಸರು ಬರೆದುಕೊಂಡ ಮನುಷ್ಯ, ಈಗ ಯಾರೂ ಹೆಸರೆತ್ತಲು ಬಯಸದ ಒಬ್ಬ ಕೈದಿಯ ಬಳಿಗೆ ಹೋದರು, ಅಷ್ಟೇ. ಕ್ಯಾಪ್ಲರ್ ಮುಂದೆ 1977ರಲ್ಲಿ ರೋಮ್‌ನ ಮಿಲಿಟರಿ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಜರ್ಮನಿ ಸೇರಿದ, ಮರುವರ್ಷ ಸತ್ತ. ಅದನ್ನು ನೋಡಲು ಓಫ್ಲಾಹರ್ಟಿ ಇರಲಿಲ್ಲ.

ಊರಿಗೆ ಮರಳಿದ್ದು

1960ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಸುಮಾರು ನಾಲ್ಕು ದಶಕ ಪರದೇಶದಲ್ಲಿ ಕಳೆದ ಮನುಷ್ಯ ಕೊನೆಗೆ ಕೆರ್ರಿಯ ಕಡಲ ಪಕ್ಕದ ಕಾಹಿರ್ಸಿವೀನ್ ಎಂಬ ಊರಿಗೆ, ತಂಗಿಯ ಮನೆಗೆ ಬಂದರು.

1963ರಲ್ಲಿ ಬಿಬಿಸಿ ಟಿವಿಯವರು ಸ್ಯಾಮ್ ಡೆರಿಯ ಬದುಕಿನ ಬಗ್ಗೆ ಒಂದು ಕಾರ್ಯಕ್ರಮ ಮಾಡಿದರು. ಡೆರಿಗೆ ಗೊತ್ತಿಲ್ಲದಂತೆ ಹಳೆಯ ಒಡನಾಡಿಗಳನ್ನು ಒಬ್ಬೊಬ್ಬರನ್ನೇ ಕರೆಸಿದ್ದರು. ಕೊನೆಗೆ, ಕಾಯಿಲೆಯಿಂದ ಸೊರಗಿದ್ದ ಓಫ್ಲಾಹರ್ಟಿ ಒಳಗೆ ಬಂದರು. ಒಂದು ಕಾಲಕ್ಕೆ ಒಬ್ಬರ ನಿಲುವಂಗಿ ಇನ್ನೊಬ್ಬರು ತೊಟ್ಟು ಜೀವ ಉಳಿಸಿಕೊಂಡಿದ್ದ ಐರಿಷ್ ಪಾದ್ರಿ ಮತ್ತು ಇಂಗ್ಲಿಷ್ ಮೇಜರ್ ಜನರೆದುರು ಕೈ ಹಿಡಿದುಕೊಂಡರು.

ಅದೇ ವರ್ಷ ಅಕ್ಟೋಬರ್ 30ರಂದು ಓಫ್ಲಾಹರ್ಟಿ ತೀರಿಕೊಂಡರು. ಆಗ ಅವರಿಗೆ 65 ವರ್ಷ. ಕಾಹಿರ್ಸಿವೀನ್ ಚರ್ಚಿನ ಅಂಗಳದಲ್ಲೇ ಅವರ ಸಮಾಧಿ ಇದೆ. 1983ರಲ್ಲಿ ಅವರ ಕತೆ ಸಿನಿಮಾ ಆಯಿತು, ಪಾದ್ರಿಯ ಪಾತ್ರ ಮಾಡಿದವರು ಗ್ರೆಗರಿ ಪೆಕ್. ತೀರಿಕೊಂಡು 50 ವರ್ಷವಾದಾಗ, 2013ರಲ್ಲಿ, ಬೆಳೆದ ಊರಾದ ಕಿಲಾರ್ನಿಯಲ್ಲಿ ಅವರ ಪ್ರತಿಮೆ ನಿಂತಿತು.

ರೋಮ್‌ನ ಆ ಚೌಕದಲ್ಲಿ ಈಗ ಕಾವಲಿನ ಜರ್ಮನ್ ಸಿಪಾಯಿಗಳಿಲ್ಲ. ದಿನಾ ಸಾವಿರಾರು ಜನ ಗಡಿ ಎಲ್ಲಿದೆ ಎಂದು ಗಮನಿಸದೆಯೇ ದಾಟಿ ಬೆಸಿಲಿಕಾಕ್ಕೆ ಹೋಗುತ್ತಾರೆ. ಮಗನ ಹೆಸರು ರೇಡಿಯೊದಲ್ಲಿ ಕೇಳಿ ನಿಟ್ಟುಸಿರು ಬಿಟ್ಟ ತಾಯಂದಿರು ಈಗ ಇಲ್ಲ. ಆ ಮಕ್ಕಳಲ್ಲಿ ಮನೆಗೆ ಮರಳಿದವರಿಗೆ ಮಕ್ಕಳಾದರು, ಮೊಮ್ಮಕ್ಕಳಾದರು. ಅವರ ಮನೆಗಳು ಇಂಗ್ಲೆಂಡ್, ದಕ್ಷಿಣ ಆಫ್ರಿಕಾ, ಗ್ರೀಸ್, ರಷ್ಯಾ, ಅಮೆರಿಕ ಹೀಗೆ ದೇಶ ದೇಶಗಳಲ್ಲಿ ಹರಡಿಕೊಂಡಿವೆ.